ಎರಡೂಕಾಲು ಸೆಕೆಂಡು

ಶುಕ್ರವಾರ ರಾತ್ರಿ ಹತ್ತಕ್ಕೆ ಐದು ನಿಮಿಷವಿದ್ದಾಗ ಬಂತು.
ಬಾಗಿಲು ಯಾರೂ ತಟ್ಟಲಿಲ್ಲ, ನಾಯಿ ಬೊಗಳಲಿಲ್ಲ,
ಮೇಜಿನ ಮೇಲಿದ್ದ ಫೋನು ಒಮ್ಮೆ ನಡುಗಿ
ಬೆಣ್ಣೆಯ ತಟ್ಟೆಯ ಕಡೆಗೆ ಒಂದಂಗುಲ ಸರಿಯಿತು, ಅಷ್ಟೇ.

ಡಾಕ್ಟರನ್ನು ಕಾಣುವುದು ಹದಿನಾಲ್ಕನೇ ತಾರೀಕು, ಹತ್ತು ಇಪ್ಪತ್ತಕ್ಕೆ.
ಅಲ್ಲಿಯವರೆಗೆ ಹತ್ತೊಂಬತ್ತು ದಿನ
ನಾನು, ಮತ್ತು ಈ ವರದಿ.

ಅದರಲ್ಲಿ ಹೃದಯ ಅಂತಿದೆ. ನನಗಿರುವುದು ಎದೆ,
ಧಸಕ್ಕೆನ್ನುವಂಥದ್ದು, ತಂಗಿಯ ಮಾತು ನಾಟುವಂಥದ್ದು.
ಕವಾಟದಲ್ಲಿ ಅತ್ಯಲ್ಪ ಸೋರಿಕೆ.
ಅತ್ಯಲ್ಪ ಅಂದರೆ ಎಷ್ಟು? ನಮ್ಮ ಅಡುಗೆಮನೆಯ ನಲ್ಲಿಯಷ್ಟೋ,
ಹನ್ನೊಂದು ವರ್ಷದಿಂದ ಕಲ್ಯು
ನಾಳೆ ನೋಡುತ್ತೇನೆ ಅನ್ನುತ್ತಿರುವ ಆ ನಲ್ಲಿ?
ಪ್ರತಿ ಬಡಿತಕ್ಕೆ ಹೊರದೂಡುವ ರಕ್ತ ನೂರಕ್ಕೆ ಐವತ್ತೆಂಟು.
ಐವತ್ತೆಂಟು!
ಮಿಕ್ಕ ನಲವತ್ತೆರಡು ಒಳಗೇ ಕೂತು ಏನು ಮಾಡುತ್ತಿದೆ?
ಬೆಳಗಾಗುವ ತನಕ ಅರ್ಧ ಸತ್ತವಳಂತೆ ಮಲಗಿದ್ದೆ.
ಆಮೇಲೆ ತಿಳಿಯಿತು, ಯಾರದೂ ಪೂರ್ತಿ ಬರಿದಾಗುವುದಿಲ್ಲವಂತೆ,
ಗಟ್ಟಿಮುಟ್ಟಾದ ಹುಡುಗರದೂ ಅರವತ್ತರ ಆಚೀಚೆಯಂತೆ.
ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ
ಅವರಪ್ಪನ ಗಂಟೇನು ಹೋಗುತ್ತಿತ್ತು?

ಅದಿರಲಿ. ಕೊನೆಯ ಪುಟದಲ್ಲೊಂದು ಸಾಲು:
ಅತಿ ದೀರ್ಘ ವಿರಾಮ, ಎರಡೂಕಾಲು ಸೆಕೆಂಡು,
ಬೆಳಗಿನ ಜಾವ ಮೂರು ನಲವತ್ತೊಂದಕ್ಕೆ.

ಎದೆಗೆ ತಂತಿ ಅಂಟಿಸಿ ಕಳಿಸಿದ ನರ್ಸು
ಒಂದು ಹಾಳೆ ಕೊಟ್ಟಿದ್ದಳು, ಎಷ್ಟು ಹೊತ್ತಿಗೆ ಏನು ಮಾಡಿದಿರಿ ಬರೆಯಿರಿ ಎಂದು.
ಬರೆದಿದ್ದೆ. ಹಿಮ ಗೋರಿದೆ. ಮೀನು ಉಪ್ಪಿಗೆ ಹಾಕಿದೆ.
ತಂಗಿಯೊಡನೆ ಫೋನಿನಲ್ಲಿ ಜಗಳ, ಎರಡು ಸಲ.
ಮೂರು ನಲವತ್ತೊಂದರ ಎದುರು ಏನೂ ಇಲ್ಲ. ನಿದ್ದೆ.
ಯಜಮಾನಿ ಮಲಗಿದ ಹೊತ್ತು ನೋಡಿ
ಆಳು ಪೊರಕೆ ಹಿಡಿದೇ ಕಿಟಕಿಯಾಚೆ ಕಣ್ಣು ಹಾಯಿಸಿದ ಹಾಗೆ
ನಿಂತಿತ್ತು ಅದು.
ಏನು ಕಂಡಿತೋ.

ಪಕ್ಕದ ಮನೆಯ ಮೈರೆ ದನದ ಡಾಕ್ಟರಾಗಿದ್ದವಳು.
ಕನ್ನಡಕ ಹಣೆಗೇರಿಸಿ ಓದಿ ಅಂದಳು,
"ಕುದುರೆಗಳಿಗೆ ಇದು ಮಾಮೂಲು, ಹೆಲ್ವೆ.
ಸುಮ್ಮನೆ ನಿಂತ ಒಳ್ಳೆಯ ಕುದುರೆ ನಡುನಡುವೆ ಒಂದು ಬಡಿತ ನುಂಗುತ್ತದೆ,
ಓಡಿಸಿದರೆ ಸರಿಹೋಗುತ್ತದೆ."
ಕಾಫಿ ಬಗ್ಗಿಸುತ್ತ, ಸ್ವಲ್ಪ ತಡೆದು,
"ಆದರೆ ನೀನು ಕುದುರೆಯಲ್ಲ."

ಮೂವತ್ತೊಂದು ವರ್ಷ ಈ ಮುಹು ದ್ವೀಪದಲ್ಲಿ
ಸೈಕಲ್ ಮೇಲೆ ಅಂಚೆ ಹಂಚಿದವಳು ನಾನು.
ಆಸ್ಪತ್ರೆಯ ಲಕೋಟೆ ಬೆರಳಿಗೇ ಗೊತ್ತಾಗುತ್ತಿತ್ತು.
ಕೊಟ್ಟ ಕೂಡಲೇ ಹೊರಡುತ್ತಿರಲಿಲ್ಲ.
ಕಲ್ಲುಗೋಡೆಗೆ ಸೈಕಲ್ ಒರಗಿಸಿ
ಸರಿಯಾಗೇ ಇದ್ದ ಚೈನನ್ನು ಸರಿಮಾಡುತ್ತ ಕೂರುತ್ತಿದ್ದೆ,
ಒಳಗೆ ಕಾಗದ ಹರಿಯುವ ಸದ್ದಿಗೆ ಬೆನ್ನು ಕೊಟ್ಟು.
ಎಷ್ಟೋ ಜನ ಬಾಗಿಲಿಗೆ ಬಂದು, ಏನೂ ಇಲ್ಲವಂತೆ, ಅನ್ನುತ್ತಿದ್ದರು.
ಲೆಂಬಿಟ್ ಬರಲಿಲ್ಲ. ನಾನೇ ಒಳಗೆ ಹೋದೆ.
ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇಳಿಸಿದೆ.
ಅಂಚೆಯವಳ ಕೈಲಿ ಇನ್ನೇನಾಗುತ್ತದೆ.

ಈಗ ಮೂರು ನಲವತ್ತಕ್ಕೆ ತಾನಾಗಿ ಎಚ್ಚರ.
ಪಕ್ಕದಲ್ಲಿ ಕಲ್ಯುವಿನ ಗೊರಕೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಣಿಸುತ್ತೇನೆ,
ಕೆಲವೊಮ್ಮೆ ಎರಡು, ಕೆಲವೊಮ್ಮೆ ನಾಲ್ಕು.
ಅವನ ಬಗ್ಗೆ ಯಾರೂ ವರದಿ ಬರೆದಿಲ್ಲ.

ಬೀಟ್‌ರೂಟ್ ಬೀಜದ ಪೊಟ್ಟಣದ ಹಿಂದೆ ಡಾಕ್ಟರಿಗೆ ಪ್ರಶ್ನೆಗಳು:
ಶನಿವಾರ ಸೌನಾ ಮಾಡಬಹುದೆ? ಎಷ್ಟು ಬಿಸಿ?
ವಿರಾಮ ಅಂದರೆ ವಿಶ್ರಾಂತಿಯೋ, ಮರೆವೋ?
ಇದನ್ನು ಹೊಡೆದುಹಾಕಿದ್ದೇನೆ,
ಓದಲು ಬರುವಷ್ಟು ಮೆಲ್ಲಗೆ.

ನಿನ್ನೆ ನಾನೆದ್ದಾಗ ಹಾಸಿಗೆಯ ಆ ಬದಿ ಖಾಲಿ.
ಅಡುಗೆಮನೆಯಲ್ಲಿ ದೀಪ.
ಒಳಚಡ್ಡಿಯಲ್ಲೇ ನೆಲದ ಮೇಲೆ ಕೂತು ಕಲ್ಯು
ಸ್ಪ್ಯಾನರ್ ಹಿಡಿದು ನಲ್ಲಿ ತಿರುಪುತ್ತಿದ್ದ.
ಏನೂ ಕೇಳಲಿಲ್ಲ ಅವನು, ತಿರುಗಿಯೂ ನೋಡಲಿಲ್ಲ.
ಹನಿ ನಿಂತಿತು.
ಇಬ್ಬರೂ ಕಿವಿಗೊಟ್ಟೆವು.

ಟಪ್.

"ಹಾಳಾದ್ದು," ಅಂದ.
ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕೆ.